ಸಿ ಡ್ರೈವ್ ತುಂಬಿದ ಬೇಸಿಗೆ

ಕಂಪ್ಯೂಟರಿಗೂ ದಣಿವಾಗುತ್ತದೆ, ಅದಕ್ಕೂ ಮಧ್ಯೆ ಮಧ್ಯೆ ಬಿಡುವು ಕೊಡಬೇಕು ಎಂದು ನಮ್ಮ ಬೀದಿಯವರೆಲ್ಲ ನಂಬಿದ್ದ ಕಾಲವೊಂದಿತ್ತು. ಹೊಸದುರ್ಗದ ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಕಂಪ್ಯೂಟರು, ಅದೂ ನಮ್ಮ ಮನೆಯಲ್ಲಿ. ನೋಡಲು ಬಂದವರು ಚಪ್ಪಲಿ ಬಿಟ್ಟು, ಕೈ ಹಿಂದೆ ಕಟ್ಟಿಕೊಂಡು, ದೂರದಿಂದಲೇ ನೋಡಿ ಹೋಗುತ್ತಿದ್ದರು. ನಾನಾಗ ಆರನೇ ಕ್ಲಾಸು. ಏಳನೆಯದಿರಬಹುದೇ? ಇರಲಾರದು. ಏಳಕ್ಕೆ ಬರುವಷ್ಟರಲ್ಲಿ ನನಗೆ ಕನ್ನಡಕ ಬಂದಿತ್ತು, ಈ ನೆನಪಿನೊಳಗಿನ ಹುಡುಗ ಪರದೆಯನ್ನು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಾನೆ.

ಹೀಗೆ ಒಂದೊಂದಕ್ಕೂ ಸಾಕ್ಷಿ ಕೇಳುವುದು ನನ್ನ ಚಟ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಅಂಟಿಕೊಂಡದ್ದು, ಬಿಟ್ಟಿಲ್ಲ. ಬೇರೆಯವರ ನೆನಪನ್ನು ಅನುಮಾನಿಸಲು ಕಲಿತವನು ತನ್ನದನ್ನು ಅನುಮಾನಿಸದೆ ಎಷ್ಟು ದಿನ ಇರಬಲ್ಲ? ಈ ಕಥೆಯನ್ನು ನಾನು ಹಾಸ್ಟೆಲಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಅದರಲ್ಲಿ ನಾನೇ ಹೀರೋ. ಹನ್ನೊಂದು ವರ್ಷದ ಹುಡುಗ, ವರ್ಚುವಲ್ ಮೆಮೊರಿ ಸರಿಮಾಡಿ ಸೋದರತ್ತೆಯನ್ನು ಉಳಿಸಿಕೊಂಡವನು. ಈಗ ಬರೆಯಲು ಕೂತರೆ ಲೆಕ್ಕ ಸರಿಬರುತ್ತಿಲ್ಲ. ಕುರ್ಚಿಯಿಂದ ಎದ್ದು ಓಡಾಡಿ ಮತ್ತೆ ಬಂದು ಕೂತರೂ ಬರುತ್ತಿಲ್ಲ.

ಅಪ್ಪಾಜಿಗೆ ಪೇಟೆಯಲ್ಲಿ ಪಾತ್ರೆ ಅಂಗಡಿ. ಅಂಗಡಿಯಲ್ಲಿ ಹಿಡಿಸದ ಮಾಲು ಮನೆಯ ಮುಂದಿನ ಕೋಣೆಗೆ ಬರುತ್ತಿತ್ತು. ಒಣಹುಲ್ಲು, ಹಳೇ ಪೇಪರು ಸುತ್ತಿದ ಸ್ಟೀಲ್ ಕೊಳಗ, ಡಬರಿ, ಬಿಂದಿಗೆಗಳು ಸೂರಿನವರೆಗೂ ಏರಿರುತ್ತಿದ್ದವು. ಆ ಕೋಣೆಗೆ ಹೊಸ ಸ್ಟೀಲಿನದೇ ಒಂದು ವಾಸನೆ, ನಾಲಿಗೆಗೆ ನಾಣ್ಯ ಮುಟ್ಟಿಸಿದ ಹಾಗೆ. ಅವುಗಳ ನಡುವೆ ಒಂದು ಮೇಜು, ಮೇಜಿನ ಮೇಲೆ ಕಂಪ್ಯೂಟರು. ನನ್ನ ಓದಿಗೆಂದು ಅಪ್ಪಾಜಿ ಚಿತ್ರದುರ್ಗದಲ್ಲಿ ಬಿಡಿ ಭಾಗ ಜೋಡಿಸಿ ಮಾಡಿಸಿಕೊಂಡು ಬಂದದ್ದು. ನೂರಿಪ್ಪತ್ತೆಂಟು ಎಂಬಿ ರ‍್ಯಾಮ್. ಡಿಸ್ಕನ್ನು ಎರಡು ಭಾಗ ಮಾಡಿದ್ದರು. ಸಿ ಡ್ರೈವ್ ಐದು ಜೀಬಿ, ಉಳಿದದ್ದೆಲ್ಲ ಡಿ. ಜೋಡಿಸಿಕೊಟ್ಟವನು, ಅಪ್ಪಾಜಿ ಅಲ್ಲಿಂದ ಹೊರಡುವಾಗ, "ಡಿ ತಂಟೆಗೆ ಹೋಗ್ಬೇಡ್ರಿ ಸಾರ್, ಅದು ಬ್ಯಾಕಪ್ಪಿಗೆ" ಎಂದಿದ್ದನಂತೆ. ಅವನು ಹೇಳಿದ್ದು ಎಷ್ಟೋ, ನಮ್ಮ ಮನೆಯವರು ಕೇಳಿಸಿಕೊಂಡದ್ದು ಎಷ್ಟೋ. ಅಂತೂ ಡಿ ಡ್ರೈವನ್ನು ನಾವು ದೇವರ ಕೋಣೆಯ ಹಾಗೆ ಇಟ್ಟುಕೊಂಡೆವು. ಸ್ನಾನವಿಲ್ಲದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ಸ್ನಾನ ಮಾಡಿದವರೂ ಹೋಗಲಿಲ್ಲ.

ಕಂಪ್ಯೂಟರು ನನ್ನ ಓದಿಗೆ ಬಂದರೂ ಅದನ್ನು ಪಳಗಿಸಿಕೊಂಡವಳು ಮಂಗಳತ್ತೆ. ಅಪ್ಪಾಜಿಯ ತಂಗಿ. ಹಿರಿಯೂರಿಗೆ ಮದುವೆ ಮಾಡಿಕೊಟ್ಟಿದ್ದರು. ದೀಪಾವಳಿಗೆಂದು ಒಂದು ಸೂಟ್‌ಕೇಸ್ ಹಿಡಿದು ಬಂದವಳು ಹಬ್ಬ ಮುಗಿದ ಮೇಲೂ ಹೋಗಲಿಲ್ಲ. ಯಾಕೆಂದು ಯಾರೂ ನನಗೆ ಹೇಳಲಿಲ್ಲ. ಹೊಡೆಯುತ್ತಿದ್ದರೇ? ಬೈಯುತ್ತಿದ್ದರೇ? ಒಮ್ಮೆ ಅಮ್ಮ ಕೇಳಿದಾಗ ಅವಳು, "ಅಂಥದ್ದೇನಿಲ್ಲ ಅತ್ತಿಗೆ. ಆ ಮನೇಲಿ ಆರು ವರ್ಷ ಇದ್ದೆ, ಇದ್ದೀನಿ ಅಂತ ಯಾರಿಗೂ ಗೊತ್ತಾಗ್ಲಿಲ್ಲ, ಅಷ್ಟೇ" ಎಂದದ್ದು ಪಾತ್ರೆಗಳ ಸಂದಿಯಲ್ಲಿ ಕೂತಿದ್ದ ನನ್ನ ಕಿವಿಗೆ ಬಿದ್ದಿತ್ತು. ಮದುವೆಗೆ ಮುಂಚೆ ಅವಳು ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದಳು. ಬಂದ ಒಂದು ತಿಂಗಳಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡುವುದನ್ನು ಕಲಿತಳು. ಬೆರಳು ಕೀಲಿಗಳ ಮೇಲೆ ಓಡುವಾಗ ಅವಳ ಮುಖ ಕಿಟಕಿಯ ಕಡೆ ಇರುತ್ತಿತ್ತು.

ಕಿಟಕಿಯಾಚೆ ಹಿತ್ತಿಲು, ಹಿತ್ತಿಲಲ್ಲಿ ಒಂದು ಸೀಬೆ ಮರ. ಹಣ್ಣಿಗೆ ಬರುವ ಗಿಳಿಗಳನ್ನು ಬೆದರಿಸಲು ಅತ್ತೆ ಅದಕ್ಕೆ ಮೂರು ಸೀಡಿಗಳನ್ನು ದಾರ ಕಟ್ಟಿ ತೂಗುಹಾಕಿದ್ದಳು. ಬಿಸಿಲಿಗೆ ಅವು ತಿರುಗಿದಾಗ ಕೋಣೆಯ ಗೋಡೆಯ ಮೇಲೆ, ಸ್ಟೀಲ್ ಕೊಳಗಗಳ ಹೊಟ್ಟೆಯ ಮೇಲೆ ಬೆಳಕಿನ ಚೂರುಗಳು ಓಡಾಡುತ್ತಿದ್ದವು. ಈ ಮೂರು ಎಂಬ ಸಂಖ್ಯೆಯನ್ನು ನಾನು ಆಣೆ ಮಾಡಿ ಹೇಳಬಲ್ಲೆ. ದಿನಾ ಎಣಿಸುತ್ತಿದ್ದೆ.

ಶಿವರಾತ್ರಿ ಕಳೆದ ಮೇಲೆ ಹಿರಿಯೂರಿನಿಂದ ಇಬ್ಬರು ಹಿರಿಯರು ಬಂದರು. ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಏಳುವಾಗ, "ಯುಗಾದಿಗೆ ಹೆಣ್ಣುಮಗಳನ್ನ ಕರ್ಕಂಡು ಹೋಗಾಣ ಅಂತ" ಎಂದರು. ಅವರು ಹೋದ ಮೇಲೆ ಅಪ್ಪಾಜಿ ಅತ್ತೆಯನ್ನು ಕರೆದರು.

"ನೋಡು ಮಂಗಳ, ನಾನು ಒಂದೇ ಮಾತು ಹೇಳ್ತೀನಿ. ಕರಿಯಪ್ಪ ಮೇಷ್ಟ್ರು ಪುಸ್ತಕ ಐತಲ್ಲ, ಅದನ್ನ ಟೈಮಿಗೆ ಮುಗ್ಸಿ ಕೊಡು. ಕಾಲೇಜಿನ ಆಫೀಸಾಗೆ ಒಂದು ಜಾಗ ಖಾಲಿ ಐತಂತೆ, ನಿನ್ ಕೆಲ್ಸ ನೋಡಿ ಕೊಡ್ತೀವಿ ಅಂದವ್ರೆ. ಕೊಟ್ರಾ, ಇಲ್ಲೇ ಇರು, ಯಾರು ಬಂದ್ರೂ ನಾನು ಮಾತಾಡ್ತೀನಿ. ಇಲ್ಲಾಂದ್ರೆ ಯುಗಾದಿ ಮಾರ್ನೇ ದಿನ ನಾನೇ ಹಿರಿಯೂರಿಗೆ ಬಿಟ್ಟು ಬರ್ತೀನಿ."

"ಆಗ್ಲಣ್ಣ" ಎಂದಳು ಅತ್ತೆ. ಅಷ್ಟೇ. ಅತ್ತೆ ಹೋದರೆ ಚೌಕಾಬಾರ ಆಡಲು ಯಾರೂ ಇರುವುದಿಲ್ಲ ಎಂಬುದು ಆಗಿನ ನನ್ನ ದೊಡ್ಡ ಚಿಂತೆ ಎಂದು ಈಗ ಅನಿಸುತ್ತದೆ. ಇನ್ನೂ ದೊಡ್ಡದೇನಾದರೂ ಇತ್ತೇ, ಗೊತ್ತಿಲ್ಲ.

ಕರಿಯಪ್ಪ ಮೇಷ್ಟ್ರು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವರು. ಬಾಗೂರಿನ ಕಡೆಯ ಕುರಿ ಸಾಕುವ ಮನೆತನ. ಸುಗ್ಗಿ ಮುಗಿದ ಮೇಲೆ ಕುರಿಗಾರರು ಮಂದೆ ಹೊಡೆದುಕೊಂಡು ಎಲ್ಲೆಲ್ಲಿ ಹೋಗುತ್ತಾರೆ, ಎಲ್ಲಿ ತಂಗುತ್ತಾರೆ ಎಂಬುದರ ಮೇಲೆ ಅವರ ಪಿಎಚ್‌ಡಿ ಪ್ರಬಂಧ. ಮುನ್ನೂರು ಪುಟ, ತೊಂಬತ್ತು ಫೋಟೊ. ಪುಟಗಳು ಸಲೀಸಾಗಿ ಸಾಗಿದವು. ಫೋಟೊ ಹಾಕತೊಡಗಿದ ಮೇಲೆ ಕಾಟ ಶುರುವಾಯಿತು. ಹದಿನಾರನೆಯದೋ ಹದಿನೇಳನೆಯದೋ ಕುರಿಮಂದೆ ಪರದೆಯ ಮೇಲೆ ಅರ್ಧ ಬಂದು ನಿಂತುಬಿಟ್ಟಿತು. ಮೌಸಿನ ಬಾಣ ಅಲುಗಲಿಲ್ಲ. ಕೆಳಗೆ ಬಲಮೂಲೆಯಲ್ಲಿ ಒಂದು ಹಳದಿ ಚೀಟಿ ಮೇಲೆದ್ದಿತು. ವರ್ಚುವಲ್ ಮೆಮೊರಿ ಕಡಿಮೆಯಾಗಿದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಅತ್ತೆ ನನ್ನ ಡಿಕ್ಷನರಿ ತೆಗೆದು ನೋಡಿದಳು.

"ವರ್ಚುವಲ್ ಅಂದ್ರೆ ಏನತ್ತೆ?"

"ಇಲ್ದೇ ಇದ್ರೂ ಇದ್ದಂಗೆ ಇರೋದು ಅಂತ."

"ಇಲ್ದೇ ಇರೋದು ಕಮ್ಮಿ ಆಗೋದು ಎಂಗೆ?"

"ಅದನ್ನ ನಿಮ್ಮಪ್ಪನ್ನ ಕೇಳು, ದುಡ್ಡು ಕೊಟ್ಟು ತಂದೋರು ಅವ್ರು."

ಅಪ್ಪಾಜಿಯನ್ನು ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಎದುರುಮನೆಯ ತಿಪ್ಪೇಸ್ವಾಮಣ್ಣನನ್ನು ಕರೆದೆವು. ಅವನು ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು. ಸುಟ್ಟ ತಾಮ್ರದ ತಂತಿ ಬಿಚ್ಚಿ ಹೊಸದು ಸುತ್ತಿ, ವಾರ್ನಿಶ್ ಬಳಿದು ಬಿಸಿಲಿಗಿಡುತ್ತಿದ್ದ. ಅವನು ಬಂದರೆ ವಾರ್ನಿಶ್ ವಾಸನೆ ಅವನಿಗಿಂತ ಎರಡು ಹೆಜ್ಜೆ ಮುಂದೆ ಬರುತ್ತಿತ್ತು. ಕರೆಂಟಿನಿಂದ ಓಡುವುದೆಲ್ಲ ಒಂದೇ ಜಾತಿ ಎಂದು ಅವನ ನಂಬಿಕೆ.

"ಏನ್ ಮಂಗಳಕ್ಕ, ಮೋಟಾರು ಕುಂತೋತಾ?" ಎಂದು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿದ, ಜ್ವರ ನೋಡುವ ಹಾಗೆ. "ಕಾದೈತೆ. ಏನಂತ ಬರೆದೈತೆ ಅದ್ರಾಗೆ?"

"ಮೆಮೊರಿ ಕಮ್ಮಿ ಆಗೈತೆ ಅಂತ."

"ಹಂಗಂದ್ರೆ ಬೋರ್ ನೀರು ಕಮ್ಮಿ ಆದಂಗೆ ಆತು. ಈಗ ನೋಡ್ರಿ, ನಮ್ ಕಡೆ ಬೋರು ಎಂಗೆ ಹೊಡಿತೀವಿ? ಕಾಲು ಗಂಟೆ ಹೊಡಿಯೋದು, ನೀರು ಎಳೀತು ಅಂದ್ರೆ ನಿಲ್ಸೋದು. ಒಂದು ಗಂಟೆ ಬಿಟ್ರೆ ಒಳಗೆ ನೀರು ಕೂಡ್ಕಂತೈತೆ. ಬಿಡದಂಗೆ ಓಡ್ಸಿದ್ರೆ ಮೋಟಾರು ಸುಟ್ಟೋಗ್ತೈತೆ. ಇದನ್ನೂ ನಿಲ್ಸ್ರಿ. ಕೂಡ್ಕಳ್ಳಿ."

ನಿಲ್ಲಿಸಿದೆವು. ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನು ತಿರುಗಿಸಿ ಇಟ್ಟೆವು. ಗೋಡೆ ಗಡಿಯಾರ ನೋಡಿ ಸರಿಯಾಗಿ ಒಂದು ಗಂಟೆ ಬಿಟ್ಟು ಹಾಕಿದರೆ, ಕುರಿಮಂದೆ ಸರಾಗವಾಗಿ ಬಂತು. ಅದರ ಹಿಂದೆ ಇನ್ನೂ ಆರು ಮಂದೆ ಬಂದವು. ತಿಪ್ಪೇಸ್ವಾಮಣ್ಣ ಬೀದಿಯಲ್ಲಿ ನಿಂತು ಹೇಳಿಕೊಂಡ. ಸಂಜೆಯ ಹೊತ್ತಿಗೆ ಕಂಪ್ಯೂಟರಿಗೂ ನೀರು ಕೂಡಿಕೊಳ್ಳಬೇಕು ಎಂಬುದು ಬೀದಿಗೆಲ್ಲ ಗೊತ್ತಾಗಿತ್ತು.

ನಿಲ್ಲಿಸಿ ಹಾಕಿದರೆ ಸರಿಹೋಗುತ್ತಿದ್ದುದಕ್ಕೆ ಕಾರಣ ಬೇರೆ ಎಂದು ಈಗ ಯಾರಿಗಾದರೂ ಗೊತ್ತು. ಮತ್ತೆ ಶುರುವಾದಾಗ ಕಂಪ್ಯೂಟರು ಖಾಲಿ ತಲೆಯಿಂದ ಶುರುವಾಗುತ್ತದೆ. ಅದಕ್ಕೆ ಎರಡು ನಿಮಿಷ ಸಾಕು. ನಾವು ಗಂಟೆ ಕಾದೆವು. ದಿನಕ್ಕೆ ನಾಲ್ಕು ಸಲ, ಐದು ಸಲ.

ಆ ಗಂಟೆಗಳಲ್ಲಿ ಮಾಡಲು ಬೇರೆ ಕೆಲಸ ಇರುತ್ತಿರಲಿಲ್ಲ. ಹುಣಸೆಹಣ್ಣಿನ ಕಾಲ. ನಡುಮನೆಯಲ್ಲಿ ಚಾಪೆ ಹಾಸಿ, ಅಮ್ಮ, ಅತ್ತೆ, ನಾನು ಸುತ್ತ ಕೂತು ಓಡು ಒಡೆದು, ನಾರು ಎಳೆದು, ಬೀಜ ಬಿಡಿಸುತ್ತಿದ್ದೆವು. ಮನೆಯೆಲ್ಲ ಹುಳಿ ವಾಸನೆ, ಬೆರಳ ಸಂದಿಯೆಲ್ಲ ಅಂಟು. ಬೀಜವನ್ನು ಒರಟು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿದರೆ ಚೌಕಾಬಾರಕ್ಕೆ ದಾಳವಾಗುತ್ತಿತ್ತು. ಉಜ್ಜಿ ಉಜ್ಜಿ ಕಾದ ಬೀಜವನ್ನು ಅತ್ತೆ ತಟ್ಟನೆ ನನ್ನ ತೋಳಿಗೆ ಮುಟ್ಟಿಸುತ್ತಿದ್ದಳು. "ಅಯ್ಯಯ್ಯಪ್ಪಾ!" ಎಂದು ನಾನು ಕುಣಿದರೆ ನಗುತ್ತಿದ್ದಳು. ಅವಳು ನಕ್ಕದ್ದು ಆ ಗಂಟೆಗಳಲ್ಲಿ ಮಾತ್ರ ಎಂದು ನನ್ನ ನೆನಪು. ಉಳಿದ ಹೊತ್ತು ಬೆನ್ನು ನೆಟ್ಟಗೆ, ತುಟಿ ಬಿಗಿ.

ಯುಗಾದಿಗೆ ಹತ್ತು ದಿನ ಉಳಿದಾಗ ಬಿಡುವು ಕೊಟ್ಟರೂ ಸಾಲದಾಯಿತು. ಹತ್ತು ನಿಮಿಷಕ್ಕೊಮ್ಮೆ ಹಳದಿ ಚೀಟಿ. ನಲವತ್ತು ಫೋಟೊ ಬಾಕಿ. ತಿಪ್ಪೇಸ್ವಾಮಣ್ಣ ಬಿಡುವನ್ನು ಒಂದೂವರೆ ಗಂಟೆಗೆ ಏರಿಸಿದ. ನನಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ಅದಕ್ಕೊಂದು ಗುಟ್ಟಾದ ಕಾರಣವಿತ್ತು. ತಿಂಗಳ ಹಿಂದೆ, ಅತ್ತೆ ಮಧ್ಯಾಹ್ನ ಮಲಗಿದ್ದಾಗ, ಕ್ಲಾಸಿನ ಮಂಜ ಕೊಟ್ಟ ಕ್ರಿಕೆಟ್ ಗೇಮಿನ ಸೀಡಿಯನ್ನು ನಾನು ಕಂಪ್ಯೂಟರಿಗೆ ಹಾಕಿದ್ದೆ. ಅದು ತುಂಬಾ ಜಾಗ ತಿನ್ನುತ್ತೆ ಎಂದು ಅವನೇ ಹೇಳಿದ್ದ. ಚೀಟಿ ಏಳುವಾಗೆಲ್ಲ ನನ್ನ ಗುಟ್ಟೇ ಎದ್ದು ನಿಂತ ಹಾಗಾಗುತ್ತಿತ್ತು.

ಮೇಷ್ಟ್ರಿಗೂ ದಿಗಿಲು. ಚಿತ್ರದುರ್ಗಕ್ಕೆ ಹೋದವರು ಅಲ್ಲಿನ ಸೈಬರ್ ಸೆಂಟರಿನಲ್ಲಿ ವಿಚಾರಿಸಿ, ಇಂಟರ್ನೆಟ್ಟಿನಿಂದ ತೆಗೆಸಿದ ಮೂರು ಹಾಳೆ ತಂದು ಕೊಟ್ಟರು. "ನೋಡವ್ವ, ಇದ್ರಾಗೆ ಐತಂತೆ. ನಂಗೆ ಕುರಿ ಅರ್ಥ ಆಗ್ತಾವೆ, ಇದು ಆಗಲ್ಲ."

ಅತ್ತೆ ಒಂದು ಮಧ್ಯಾಹ್ನವಿಡೀ ಪೆನ್ಸಿಲು ಹಿಡಿದು ಆ ಹಾಳೆಗಳನ್ನು ಓದಿದಳು. ಮರುದಿನ ಬೆಳಿಗ್ಗೆ ತಿಪ್ಪೇಸ್ವಾಮಣ್ಣನನ್ನು ಕರೆದು ಕೂರಿಸಿ, ಪಕ್ಕದಲ್ಲಿದ್ದ ಒಂದು ಸ್ಟೀಲ್ ಬಿಂದಿಗೆಯನ್ನು ಮುಂದಿಟ್ಟಳು.

"ಅಣ್ಣ, ರ‍್ಯಾಮ್ ಅಂದ್ರೆ ಈ ಬಿಂದಿಗೆ. ಕೆಲ್ಸ ಮಾಡೋವಾಗ ಎಲ್ಲಾ ಇದ್ರಾಗೆ ಇರ್ಬೇಕು. ನಮ್ದು ಸಣ್ಣ ಬಿಂದಿಗೆ. ತುಂಬಿದ್ರೆ ಏನ್ ಮಾಡ್ತೈತೆ, ಈಗ ಬೇಡದ್ದನ್ನ ಹಿತ್ಲಾಗಿನ ತೊಟ್ಟಿಗೆ ಸುರಿತೈತೆ. ಬೇಕಾದಾಗ ಮತ್ತೆ ತುಂಬ್ಕಂತೈತೆ. ಆ ತೊಟ್ಟಿಗೆ ಪೇಜಿಂಗ್ ಫೈಲ್ ಅಂತಾರೆ. ಬಿಂದಿಗೆ, ತೊಟ್ಟಿ ಎರಡೂ ಸೇರಿ ದೊಡ್ಡ ಬಿಂದಿಗೆ ಐತೆ ಅಂತ ಕಂಪ್ಯೂಟರು ನಂಬ್ಕಂಡೈತೆ."

ತಿಪ್ಪೇಸ್ವಾಮಣ್ಣ ಬಿಂದಿಗೆಯೊಳಗೆ ಇಣುಕಿದ. "ಮತ್ತೆ ನೀರು ಕಮ್ಮಿ ಆಗೈತೆ ಅಂತಿತ್ತಲ್ಲ?"

"ಕಮ್ಮಿ ಆಗಿದ್ದು ನೀರಲ್ಲಣ್ಣ, ಸುರಿಯೋ ಜಾಗ. ತೊಟ್ಟಿ ತುಂಬೈತೆ."

"ನಾನು ಹೇಳ್ದಂಗೆ ನಿಲ್ಸಿದ್ರೆ ಸರಿ ಹೋಗ್ತಿತ್ತಲ್ಲ?"

"ನಿಲ್ಸಿದ್ರೆ ಎಲ್ಲಾ ಬರಿದಾಗ್ತಿತ್ತು."

ಅವನ ಮುಖ ಸಪ್ಪಗಾದದ್ದು ನನಗೆ ಕಾಣಿಸಿತು. ಆಮೇಲೆ ತೊಡೆ ತಟ್ಟಿ, "ತೊಟ್ಟಿ ದೊಡ್ಡದು ಕಟ್ಟಾಣ ಬಿಡ್ರಿ ಅತ್ಲಾಗೆ. ಅದ್ಕೇನ್ ಗಾರೆಯವ್ನು ಬರ್ಬೇಕಾ?" ಎಂದ.

ಇಲಿ ಹಿಡಿದವನು ನಾನು. ಅತ್ತೆ ಹಾಳೆ ನೋಡಿ ಹೇಳುತ್ತ ಹೋದಳು. ಮೈ ಕಂಪ್ಯೂಟರ್ ಮೇಲೆ ಬಲಗುಂಡಿ, ಪ್ರಾಪರ್ಟೀಸ್, ಅಡ್ವಾನ್ಸ್‌ಡ್, ಸೆಟ್ಟಿಂಗ್ಸ್, ಮತ್ತೆ ಅಡ್ವಾನ್ಸ್‌ಡ್, ಚೇಂಜ್. ಕೋಣೆಯೊಳಗೆ ಕೋಣೆ, ಅದರೊಳಗೆ ಇನ್ನೊಂದು. ಕೊನೆಯ ಕೋಣೆಯಲ್ಲಿ ಎರಡು ಸಾಲು, ಸಿ ಮತ್ತು ಡಿ. ಕೆಳಗೆ ತೊಟ್ಟಿಯ ಅಳತೆ, ಕನಿಷ್ಠ ನೂರ ತೊಂಬತ್ತೆರಡು, ಗರಿಷ್ಠ ಮುನ್ನೂರ ಎಂಬತ್ತನಾಲ್ಕು. ಬಾಣ ಡಿ ಕಡೆಗೆ ಜಾರಿತು. "ಅದ್ರ ತಂಟೆ ಬೇಡ" ಎಂದಳು ಅತ್ತೆ. ನಾನು ಸಿ ಮೇಲೆ ಒತ್ತಿ ಅಂಕಿಗಳನ್ನು ಎರಡರಷ್ಟು ಮಾಡಿದೆ. ಸಿ ಡ್ರೈವಿನಲ್ಲಿ ಅಷ್ಟು ಜಾಗವಿಲ್ಲ ಎಂದಿತು. ಜಾಗ ನೋಡಿದರೆ, ನೀಲಿ ರೊಟ್ಟಿಯಂಥ ಚಕ್ರ, ಅದರಲ್ಲಿ ಕೂದಲೆಳೆಯಷ್ಟು ಗುಲಾಬಿ. ನೀಲಿ ತುಂಬಿದ್ದು, ಗುಲಾಬಿ ಖಾಲಿ.

"ತೊಟ್ಟಿ ಕಟ್ಟಾಕೆ ಹಿತ್ಲಾಗೆ ಜಾಗನೇ ಇಲ್ಲ" ಎಂದ ತಿಪ್ಪೇಸ್ವಾಮಣ್ಣ. "ಏನ್ ತುಂಬಿದೀರಿ ಅಷ್ಟೊಂದು?"

ಅತ್ತೆ ಕಿಟಕಿಯಾಚೆ ನೋಡಿದಳು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ನಾನೇ. ಮಂಜನ ಕ್ರಿಕೆಟ್ ಗೇಮು ಹಾಕಿದೀನಿ."

ಬೈಯುತ್ತಾಳೆ ಎಂದು ಕಾದೆ. ಅವಳು ನನ್ನನ್ನು ಬಹಳ ಹೊತ್ತು ನೋಡಿ, "ತೆಗಿ" ಎಂದಳು. ತೆಗೆದೆ. ಗುಲಾಬಿ ಎಳೆ ಒಂದು ಸಣ್ಣ ಹೋಳಾಯಿತು. ತಿಪ್ಪೇಸ್ವಾಮಣ್ಣ, "ಇಷ್ಟೇ? ಇದ್ರಾಗೆ ಕೋಳಿ ಗೂಡೂ ಕಟ್ಟಾಕಾಗಲ್ಲ" ಎಂದು ಎದ್ದು ತನ್ನ ಅಂಗಡಿಗೆ ಹೋದ.

ಅತ್ತೆ ನನ್ನ ಕೈಗೆ ಚಿಲ್ಲರೆ ಕೊಟ್ಟಳು. "ಹೋಗಿ ಮಂಡಕ್ಕಿ, ಮೆಣಸಿನಕಾಯಿ ತಗಂಬಾ. ಬಿಸಿ ಬಿಸಿ ಕರಿಯೋ ತನಕ ನಿಂತ್ಕಂಡು ತಗಂಬಾ, ಆರಿದ್ದು ತಂದ್ಯೋ ವಾಪಸ್ ಕಳಿಸ್ತೀನಿ."

ಬಸ್ ಸ್ಟ್ಯಾಂಡಿನ ಹತ್ತಿರದ ಗಾಡಿಯಲ್ಲಿ ಎಣ್ಣೆ ಆಗಷ್ಟೇ ಇಟ್ಟಿದ್ದರು. ಕಾದೆ. ಬಿಸಿ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ ಓಡಿ ಬಂದರೆ, ಅತ್ತೆ ಕಿಟಕಿಯ ಹತ್ತಿರ ನಿಂತಿದ್ದಳು. ಪರದೆಯ ಮೇಲೆ ರೊಟ್ಟಿಯ ಅರ್ಧ ಭಾಗ ಗುಲಾಬಿಯಾಗಿತ್ತು.

"ಅತ್ತೆ! ಎಂಗೆ?"

"ನೀನು ಕಸದ ಬುಟ್ಟಿ ಖಾಲಿ ಮಾಡಿರ್ಲಿಲ್ಲ ಕಣೋ. ಮಾಡ್ದೆ, ಅಷ್ಟೇ. ನಿನ್ ಗೇಮಿಂದೇ ಎಲ್ಲಾ."

ನಾನೇ ಅಂಕಿಗಳನ್ನು ಎರಡರಷ್ಟು ಮಾಡಿ ಓಕೆ ಒತ್ತಿದೆ. ಈ ಸಲ ಒಪ್ಪಿತು. ನಿಲ್ಲಿಸಿ ಹಾಕಿದೆವು, ಎರಡೇ ನಿಮಿಷ. ಆಮೇಲೆ ಹಳದಿ ಚೀಟಿ ಏಳಲಿಲ್ಲ. ನಲವತ್ತು ಕುರಿಮಂದೆಗಳೂ ಪ್ರಬಂಧದ ರೊಪ್ಪ ಸೇರಿದವು. ಯುಗಾದಿಗೆ ಮೂರು ದಿನ ಮುಂಚೆ ಮೇಷ್ಟ್ರು ಪ್ರಬಂಧವನ್ನು ಎದೆಗೆ ಅವಚಿಕೊಂಡು ಬಸ್ಸು ಹತ್ತಿದರು. ಅತ್ತೆಗೆ ಕಾಲೇಜಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಹಿರಿಯೂರಿನ ಹಿರಿಯರು ಮತ್ತೆ ಬಂದಾಗ ಅಪ್ಪಾಜಿ ಅವರಿಗೆ ಹೋಳಿಗೆ ಬಡಿಸಿ, "ಅವ್ಳು ಕೆಲ್ಸಕ್ಕೆ ಹೋಗ್ತಾಳೆ ಕಣ್ರಿ, ರಜ ಇಲ್ಲ" ಎಂದಷ್ಟೇ ಹೇಳಿ ಕಳಿಸಿದರು. ಗೇಮು ತೆಗೆದ ನಾನು ಅತ್ತೆಯನ್ನು ಉಳಿಸಿದೆ ಎಂದು ಆವತ್ತಿನಿಂದ ನಂಬಿದೆ.

ಲೆಕ್ಕ ತಪ್ಪಿರುವುದು ಇಲ್ಲಿ. ಒಂದು ಸೀಡಿ ಎಂದರೆ ಆರುನೂರು, ಏಳುನೂರು ಎಂಬಿ. ಐದು ಜೀಬಿಯ ರೊಟ್ಟಿಯಲ್ಲಿ ಅದು ಏಳರಲ್ಲೊಂದು ಹೋಳು. ನನಗೆ ನೆನಪಿರುವುದು ಅರ್ಧ. ಗೇಮು ತೆಗೆದರೆ ಅದು ಕಸದ ಬುಟ್ಟಿಗೂ ಹೋಗುವುದಿಲ್ಲ, ನೇರ ಹೋಗುತ್ತದೆ. ಹಾಗಾದರೆ ಒಂದೋ ನನ್ನ ಕಣ್ಣಿನ ಗುಲಾಬಿ ಸುಳ್ಳು, ಇಲ್ಲವೋ ಅತ್ತೆಯ ಬುಟ್ಟಿ ಸುಳ್ಳು. ವಾರವಿಡೀ ಇದು ತಲೆ ತಿಂದಿತು. ಕೊನೆಗೆ ಕಳೆದ ಭಾನುವಾರ ಬಸ್ಸು ಹತ್ತಿ ಹೊಸದುರ್ಗಕ್ಕೆ ಹೋದೆ.

ಅತ್ತೆ ಅದೇ ಕಾಲೇಜಿನಲ್ಲಿದ್ದಾಳೆ, ಈಗ ಆಫೀಸು ನಡೆಸುವವಳೇ ಅವಳು. ತನ್ನದೇ ಪುಟ್ಟ ಮನೆ. ನಾನು ಹೋದಾಗ ಚಾಪೆ ಹಾಸಿಕೊಂಡು ಹುಣಸೆಹಣ್ಣು ಬಿಡಿಸುತ್ತಿದ್ದಳು. ಎದುರು ಕೂತು ಲೆಕ್ಕ ಒಪ್ಪಿಸಿದೆ.

"ಇಷ್ಟು ವರ್ಷಕ್ಕೆ ಹೊಳೀತಾ? ಎಂ.ಎ. ಮಾಡಿದ್ದು ಸಾರ್ಥಕ ಆತು ಬಿಡು" ಎಂದಳು.

"ಏನಿತ್ತತ್ತೆ ಅದ್ರಾಗೆ?"

"ನನ್ ಮದ್ವೆ ವಿಡಿಯೊ ಕಣೋ. ಮೂರು ಸೀಡಿ. ಗೀರು ಬಿದ್ದು ನಿಂತು ನಿಂತು ಓಡ್ತಿದ್ವು. ಪೂರ್ತಿ ಹಾಳಾಗ್ತಾವೆ ಅಂತ ಕಂಪ್ಯೂಟರಿಗೆ ಹಾಕಿಟ್ಟಿದ್ದೆ."

ಸೀಬೆ ಮರದ ಮೂರು ಬಿಲ್ಲೆಗಳು ನನ್ನ ಕಣ್ಣ ಮುಂದೆ 'ಫಳ್' ಎಂದು ತಿರುಗಿದವು.

"ನೋಡ್ತಿದ್ಯಾ ಅದನ್ನ?"

"ನಾಕು ಸಲ ನೋಡಿರ್ಬೇಕು, ನೀವೆಲ್ಲ ಇಲ್ದಾಗ. ಅದ್ರಾಗೆ ಅಷ್ಟು ನಗ್ತಿರೋ ಹುಡುಗಿ ಯಾರು ಅಂತ."

ನನಗೆ ಸಂಕಟವಾಯಿತು. ಆದರೆ ನನ್ನ ಚಟ ಬಿಡಬೇಕಲ್ಲ. "ಅಳಿಸೋದು ಬೇಕಾಗಿರ್ಲಿಲ್ಲ ಅತ್ತೆ. ಡಿ ಡ್ರೈವ್ ಪೂರ್ತಿ ಖಾಲಿ ಇತ್ತು. ವಿಡಿಯೊ ಅಲ್ಲಿಗೆ ಸರಿಸಿದ್ರೆ ಆಗ್ತಿತ್ತು. ಇಲ್ಲಾ, ಆ ತೊಟ್ಟಿನೇ ಡಿಗೆ ಹಾಕ್ಬೋದಿತ್ತು. ಸ್ಕ್ರೀನ್ ಮೇಲೇ ಇತ್ತು, ಸಿ ಕೆಳಗೆ ಎರಡನೇ ಸಾಲು."

ಅತ್ತೆ ನಾರೊಂದನ್ನು ಉದ್ದಕ್ಕೆ ಎಳೆದು ಪಕ್ಕಕ್ಕಿಟ್ಟಳು.

"ಲೇ, ಮೇಷ್ಟ್ರು ಕೊಟ್ಟ ಮೂರನೇ ಹಾಳೆಯಾಗೆ ಅದೇ ಬರೆದಿತ್ತು. ಬೇರೆ ಡ್ರೈವ್ ಇದ್ರೆ ಅಲ್ಲಿಗೆ ಹಾಕ್ರಿ ಅಂತ. ಪೆನ್ಸಿಲ್ಲಾಗೆ ಗೆರೆ ಹೊಡೆದಿದ್ದೆ. ನಂಗೊತ್ತಿರ್ಲಿಲ್ಲ ಅನ್ಕಂಡ್ಯಾ?"

ಅವಳು ಇನ್ನೊಂದು ಓಡು ಒಡೆದಳು.

"ಇಟ್ಕಂಡ್ರೆ ಮತ್ತೆ ನೋಡ್ತಿದ್ದೆ. ನೋಡ್ತಾ ನೋಡ್ತಾ ಒಂದಿನ ಹೋಗ್ಬಿಡ್ತಿದ್ದೆ ಹಿರಿಯೂರಿಗೆ" ಎಂದಳು. ಸ್ವಲ್ಪ ತಡೆದು, "ಒಂದೇ ತಪ್ಪಾಗಿದ್ದು. ಅವ್ವ ಇದ್ಲು ಅದ್ರಾಗೆ. ಅದು ಹೊಳೆದಿದ್ದು ಎಂಟು ದಿನ ಆದ್ಮೇಲೆ, ಕೆಲ್ಸಕ್ಕೆ ನಡ್ಕಂಡು ಹೋಗೋವಾಗ. ಹಂಗೇ ರಸ್ತೆಯಾಗೆ ನಿಂತ್ಕಂಡೆ. ಮರದಾಗಿನ ಸೀಡಿ ಬಿಚ್ಚಿ ಒರೆಸಿ ಹಾಕಿ ನೋಡ್ದೆ. ಬಿಸಿಲಿಗೆ ಸುಟ್ಟೋಗಿದ್ವು."

ಅವಳ ಅವ್ವ, ನನ್ನ ಅಜ್ಜಿ. ಅತ್ತೆಯ ಮದುವೆಯಾದ ಎರಡನೇ ವರ್ಷ ತೀರಿಕೊಂಡವಳು. ಅವಳದು ಒಂದು ಫೋಟೊ ಅಪ್ಪಾಜಿಯ ಅಂಗಡಿಯಲ್ಲಿದೆ, ಕೂತದ್ದು, ನಗದೇ ಇರುವುದು. ಆದರೆ ನನ್ನ ತಲೆಯಲ್ಲಿ ಅಜ್ಜಿ ನಡೆಯುತ್ತಾಳೆ. ಆರತಿ ತಟ್ಟೆ ಹಿಡಿದು ಓರೆಯಾಗಿ ನಡೆದು ಬಂದು, ನಗುತ್ತ, ಕಣ್ಣಿಗೆ ಕೈ ಅಡ್ಡ ಹಿಡಿಯುತ್ತಾಳೆ. ನನ್ನ ಬಾಲ್ಯದ ಮೊಟ್ಟಮೊದಲ ನೆನಪು ಇದೇ ಎಂದು ಎಷ್ಟೋ ಕಡೆ ಹೇಳಿಕೊಂಡಿದ್ದೇನೆ.

ಕಣ್ಣಿಗೆ ಕೈ ಯಾಕೆ ಅಡ್ಡ ಹಿಡಿಯಬೇಕು? ಮನೆಯೊಳಗೆ ಬಿಸಿಲಿಲ್ಲ. ಅದು ವಿಡಿಯೊದವನ ಲೈಟು, ಅವಳು ನಗುತ್ತ ನೋಡುವುದು ಅವನ ಕ್ಯಾಮೆರಾವನ್ನು. ಹಾಗಾದರೆ ನಾನು ಅಜ್ಜಿಯನ್ನು ಕಂಡದ್ದು ಮದುವೆಯ ಮನೆಯಲ್ಲಲ್ಲ, ಆಮೇಲೆ ಟೀವಿಯ ಮುಂದೆ ಕೂತು. ಮೂರು ಸೀಡಿಯಲ್ಲಿ ಒಂದರೊಳಗೆ. ಈಗ ಅದರದು ಉಳಿದಿರುವುದು ಒಂದೇ ಪ್ರತಿ, ಅದೂ ನಾನೇ ನಂಬದ ನನ್ನ ತಲೆಯಲ್ಲಿ.

ಅತ್ತೆಗೆ ಹೇಳಿದೆ. ಅವಳ ಕೈ ನಿಂತಿತು. "ನಿಂಗೆ ನೆನಪೈತಾ? ಯಾವ ಸೀರೆ ಉಟ್ಟಿದ್ಲು ಹೇಳು."

"ಹಸಿರು. ಅಂಚು ಅಗಲ."

"ಕೆಂಪು ಕಣೋ. ಇಳಕಲ್ ಸೀರೆ."

"ಹಸಿರತ್ತೆ."

ಆ ಬೇಸಿಗೆಯಲ್ಲಿ ನಾವು ಗೆದ್ದದ್ದೇನು ಎಂದು ನನಗೆ ಗೊತ್ತು. ಅದು ನನ್ನೆದುರೇ ಕೂತಿತ್ತು, ಬೆನ್ನು ನೆಟ್ಟಗೆ ಮಾಡಿಕೊಂಡು, ತನ್ನ ಮನೆಯ ಚಾಪೆಯ ಮೇಲೆ. ಕಳೆದದ್ದನ್ನು ಅಳೆಯುವುದು ಕಷ್ಟ. ನನ್ನ ಜೇಬಿನ ಫೋನಿನಲ್ಲಿ ಅಂಥ ನೂರು ಮದುವೆಗಳು ಹಿಡಿಸುತ್ತವೆ. ಅದು ದಣಿಯುವುದಿಲ್ಲ, ಹಳದಿ ಚೀಟಿ ತೋರಿಸುವುದಿಲ್ಲ. ಅದಕ್ಕೆ ನೀರು ಕೂಡಿಕೊಳ್ಳಲಿ ಎಂದು ಯಾರೂ ಯಾರ ಮನೆಯಲ್ಲೂ ಒಂದು ಗಂಟೆ ಕೂರುವುದಿಲ್ಲ. ನಾನಂತೂ ಎಲ್ಲಿಯೂ ಕೂತಿಲ್ಲ. ಅವತ್ತೂ ಎರಡು ಗಂಟೆಯ ಬಸ್ಸಿಗೆ ಹೊರಡುವವನಿದ್ದೆ.

"ಕೆಂಪು" ಎಂದಳು ಅತ್ತೆ ಮತ್ತೆ, ಈ ಸಲ ಮೆಲ್ಲಗೆ. ಅವಳಿಗೂ ಖಾತ್ರಿ ಇಲ್ಲ ಎಂದು ದನಿಯಲ್ಲಿ ಗೊತ್ತಾಗುತ್ತಿತ್ತು.

ನಾನು ಚಪ್ಪಲಿ ಬಿಟ್ಟಿದ್ದ ಕಡೆ ನೋಡಿದೆ, ಗಡಿಯಾರ ನೋಡಿದೆ. ಆಮೇಲೆ ಚಾಪೆಯ ಮೇಲಿನ ರಾಶಿಯನ್ನು ನನ್ನ ಕಡೆಗೂ ಸ್ವಲ್ಪ ಎಳೆದುಕೊಂಡು, ಒಂದು ಓಡು ಒಡೆದೆ.